ಆಕಾಶದ ಲೆಕ್ಕಕ್ಕೆ ನಮ್ಮ ಹಾಲಿನ ಪುಸ್ತಕವೂ ಸೇರಲಿ



ಈ ಸಂಚಿಕೆಯಲ್ಲಿ ಕೆಚ್ಚಲು ಬಾವು, ಜಂತುಹುಳು, ಖನಿಜ ಮಿಶ್ರಣ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ಮಳೆಯ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೆ ಮಳೆ ಲೆಕ್ಕ ಯಾಕೆ ಎಂದು ನಿಮಗೆ ಅನ್ನಿಸಬಹುದು. ಬರದ ವರ್ಷದಲ್ಲಿ ನೀವು ಕರೆ ಮಾಡಿ ನಾನು ಕೊಟ್ಟಿಗೆಗೆ ಬರುವ ಹೊತ್ತಿಗೆ ಹಸು ಬೆದೆಗೆ ಬಾರದೆ ನಾಲ್ಕು ತಿಂಗಳಾಗಿರುತ್ತದೆ, ಪಕ್ಕೆಲುಬು ಎಣಿಸುವಂತಿರುತ್ತದೆ. ಅದಕ್ಕೆ ನನ್ನ ಚೀಲದಲ್ಲಿ ಇಂಜೆಕ್ಷನ್ ಇಲ್ಲ. ಆ ಕಾಯಿಲೆ ಶುರುವಾಗಿದ್ದು ಮಳೆ ನಿಂತ ಮೂರನೇ ವಾರದಲ್ಲಿ, ಹೊಲದಲ್ಲಿ. ಅದನ್ನು ಆಗಲೇ ಕಂಡಿದ್ದವರೂ ಇದ್ದರು. ಆದರೆ ಕಂಡದ್ದು ಕೊಟ್ಟಿಗೆಯವರೆಗೆ ಬರಲಿಲ್ಲ.

2023 ನಿಮಗೆ ನೆನಪಿರಬೇಕು. ಜೂನ್ ಕೈಕೊಟ್ಟಿತು, ಜುಲೈನಲ್ಲಿ ಮಳೆ ಬಂತು, ಬಿತ್ತಿದೆವು. ಆಗಸ್ಟ್ ಪೂರ್ತಿ ಒಣಗಿತು. ಇಡೀ ದೇಶಕ್ಕೇ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಆ ಮುಂಗಾರಿನಲ್ಲಿ ನಮ್ಮ ರಾಜ್ಯಕ್ಕೆ ವಾಡಿಕೆಗಿಂತ ಸುಮಾರು ಶೇ. 25ರಷ್ಟು ಮಳೆ ಕಡಿಮೆಯಾಯಿತು. ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು; ಮುಂದೆ ಅದು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಆಯಿತು. ಬೆಳೆ ನಷ್ಟಕ್ಕೆ ರಾಜ್ಯದ ಮೊದಲ ಕಂತು, ಹೆಚ್ಚೆಂದರೆ 2,000 ರೂಪಾಯಿ, ಕೈಗೆ ಸಿಕ್ಕಿದ್ದು 2024ರ ಆರಂಭದಲ್ಲಿ. ಕೇಂದ್ರದ ನೆರವು ಬಿಡುಗಡೆಯಾಗಿದ್ದು ಏಪ್ರಿಲ್ ಕೊನೆಯಲ್ಲಿ, ಅದೂ ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ. ಯಾರ ತಪ್ಪು ಎಂಬುದು ಈ ಪತ್ರಿಕೆಯ ವಿಷಯವಲ್ಲ. ನಾನು ದಿನ ಎಣಿಸುತ್ತೇನೆ ಅಷ್ಟೆ. ಆಗಸ್ಟ್‌ನಿಂದ ಏಪ್ರಿಲ್‌ಗೆ ಎಂಟು ತಿಂಗಳು. ಹಸಿರು ಮೇವು ಇಲ್ಲದ ಒಂದು ಸೀಮೆ ಹಸುವಿಗೆ ದಿನಕ್ಕೆ ಏಳೆಂಟು ಕೆ.ಜಿ. ಒಣಮೇವಾದರೂ ಬೇಕು, ತಿಂಗಳಿಗೆ ಎರಡು ಕ್ವಿಂಟಾಲ್ ದಾಟುತ್ತದೆ. ಯಾವ ಮನೆಯ ಬಣವೆ ಎಂಟು ತಿಂಗಳು ಬರುತ್ತದೆ? ಕಾಯಲಾರದವರು ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದರು. ಎಲ್ಲರೂ ಒಂದೇ ವಾರ ಹೋದರೆ ದರ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಆಕಾಶದಿಂದ ಮಳೆ ಅಳೆಯುವವರು ಆ ಆಗಸ್ಟನ್ನು ಆಗಸ್ಟ್‌ನಲ್ಲೇ ಕಂಡಿದ್ದರು. ಈ ಅಳತೆ ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿಳಿಯದ ವಿದ್ಯೆಯನ್ನು ದೇವರಂತೆ ನಂಬುವುದೂ ತಪ್ಪು, ದೊಡ್ಡವರ ಆಟ ಎಂದು ತಳ್ಳಿಹಾಕುವುದೂ ತಪ್ಪು.

ಉಪಗ್ರಹ ಮಳೆಯನ್ನು ಹಿಡಿದು ಅಳೆಯುವುದಿಲ್ಲ. ಅಂದಾಜು ಮಾಡುತ್ತದೆ. ನಮ್ಮ ಇನ್ಸಾಟ್ ಉಪಗ್ರಹಗಳು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂದು ನೋಡುತ್ತವೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಮಳೆ ಹೆಚ್ಚಿರಬಹುದು ಎಂದು ಲೆಕ್ಕ. ಅಮೆರಿಕದ ನಾಸಾ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಸೇರಿ 2014ರಲ್ಲಿ ಹಾರಿಸಿದ ಜಿಪಿಎಂ ಉಪಗ್ರಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೇಡಾರ್ ಮತ್ತು ಸೂಕ್ಷ್ಮ ತರಂಗಗಳಿಂದ ಮೋಡದ ಹೊಟ್ಟೆಯೊಳಗಿನ ಹನಿಗಳನ್ನೇ ತಡವಿ ನೋಡುತ್ತದೆ. ಬೇರೆ ಬೇರೆ ಉಪಗ್ರಹಗಳ ಅಳತೆಯನ್ನು ಅದರ ಜೊತೆ ಸೇರಿಸಿ ಅರ್ಧ ಗಂಟೆಗೊಂದು ಮಳೆ ನಕ್ಷೆ ತಯಾರಾಗುತ್ತದೆ.

ಇದು ನಿಮಗೆ ಹೊಸದೇನಲ್ಲ. ಸಂಘದಲ್ಲಿ ದಿನಕ್ಕೆರಡು ಸಲ ನಡೆಯುವುದೂ ಇದೇ ಕೆಲಸ. ಹಾಲು ಪರೀಕ್ಷಾ ಯಂತ್ರ ನಿಮ್ಮ ಹಾಲಿನಿಂದ ಜಿಡ್ಡನ್ನು ಬೇರ್ಪಡಿಸಿ ತೂಗುವುದಿಲ್ಲ. ಹಾಲಿನ ಬೇರೊಂದು ಗುಣವನ್ನು ನೋಡಿ ಜಿಡ್ಡು ಇಷ್ಟಿರಬೇಕು ಎಂದು ಲೆಕ್ಕ ಹಾಕುತ್ತದೆ. ಅದಕ್ಕೇ ಆಗಾಗ ಗರ್ಬರ್ ವಿಧಾನದಲ್ಲಿ ಪರೀಕ್ಷಿಸಿ ಯಂತ್ರವನ್ನು ಸರಿಹೊಂದಿಸಬೇಕು. ಹೊಂದಿಸದ ಯಂತ್ರದ ಸಂಖ್ಯೆಯನ್ನು ನೀವು ಒಪ್ಪುತ್ತೀರಾ? ಉಪಗ್ರಹದ ಮಳೆಗೂ ನೆಲದ ಮೇಲಿನ ಮಳೆಮಾಪಕವೇ ಗರ್ಬರ್ ಪರೀಕ್ಷೆ. ಈ ವಿಷಯದಲ್ಲಿ ನಮ್ಮ ರಾಜ್ಯ ಪುಣ್ಯ ಮಾಡಿದೆ. 1988ರಲ್ಲೇ ಇಲ್ಲಿ ಬರ ಗಮನಿಸುವ ಘಟಕ ಶುರುವಾಯಿತು, ದೇಶದಲ್ಲೇ ಮೊದಲು. ಅದು ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳಿವೆ. ನಿಮ್ಮ ಪಂಚಾಯಿತಿ ಕಚೇರಿಯ ಬಳಿಯೋ ಶಾಲೆಯ ಬಳಿಯೋ ಬೇಲಿ ಹಾಕಿ ನಿಲ್ಲಿಸಿರುವ, ಸೌರ ಫಲಕ ಇರುವ ಕಂಬ ಅದೇ. ಅದರ ಬೇಲಿಗೆ ಬಟ್ಟೆ ಒಣಹಾಕಬೇಡಿ, ದಯವಿಟ್ಟು. ಬಳ್ಳಿ ಹಬ್ಬಲೂ ಬಿಡಬೇಡಿ. ನಿಮ್ಮ ಊರಿನ ಬೆಳೆ ವಿಮೆಯ ಲೆಕ್ಕವೂ ಕೆಲವು ಬೆಳೆಗಳಲ್ಲಿ ಆ ಬಾಯಿಗೆ ಬಿದ್ದ ಹನಿಗಳ ಮೇಲೆ ನಿಂತಿದೆ.

ಇನ್ನು ಮಿತಿಗಳ ಮಾತು. ಜಿಪಿಎಂ ಮಳೆ ನಕ್ಷೆಯ ಒಂದು ಚೌಕ ಸುಮಾರು 11 ಕಿ.ಮೀ. ಉದ್ದ, ಅಷ್ಟೇ ಅಗಲ. ಎಕರೆಗೆ ತಿರುಗಿಸಿದರೆ ಮೂವತ್ತು ಸಾವಿರ ಎಕರೆ. ಶಿರಾ, ಪಾವಗಡ, ಚಳ್ಳಕೆರೆ ಕಡೆಯ ಮಳೆ ಹೇಗೆ ಎಂದು ಅಲ್ಲಿ ಬಾಳುವವರಿಗೆ ಗೊತ್ತು. ಬೇಲಿಯ ಈಚೆ ಕೆಸರು, ಆಚೆ ಧೂಳು. ಮೂವತ್ತು ಸಾವಿರ ಎಕರೆಗೆ ಒಂದೇ ಸಂಖ್ಯೆ ಎಂದರೆ ನಿಮ್ಮ ಹೊಲ ಆ ಸಂಖ್ಯೆಯೊಳಗೆ ಎಲ್ಲೋ ಕಳೆದುಹೋಗಿರುತ್ತದೆ. ಹಾಗಾಗಿ ಉಪಗ್ರಹದ ಮಳೆಯನ್ನು ಒಂದು ದಿನಕ್ಕೆ, ಒಂದು ಹೊಲಕ್ಕೆ ನೋಡಬಾರದು. ಮೂರು ವಾರಕ್ಕೆ, ಒಂದು ಹೋಬಳಿಗೆ ನೋಡಿದರೆ ಸುಳ್ಳು ಹೇಳುವುದು ಕಡಿಮೆ. ಮಳೆಮಾಪಕವಿಲ್ಲದ ಜಾಗ, ಮಾಪಕ ಕೆಟ್ಟ ದಿನ, ಹಳೆಯ ವರ್ಷಗಳ ಜೊತೆ ಹೋಲಿಕೆ, ಇಲ್ಲೆಲ್ಲ ಅದರ ಉಪಯೋಗ ದೊಡ್ಡದು. 1981ರಿಂದ ಇಂದಿನವರೆಗೆ ಐದು ಕಿ.ಮೀ. ಚೌಕದ ಲೆಕ್ಕ ಇಟ್ಟಿರುವ ಚಿರ್ಪ್ಸ್ ಎಂಬ ದತ್ತಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ನಲವತ್ತು ವರ್ಷಗಳಲ್ಲಿ ಎಷ್ಟು ಆಗಸ್ಟ್ ಹೀಗೆ ಒಣಗಿವೆ ಎಂದು ಒಕ್ಕೂಟ ಕೂತು ನೋಡಬಹುದು. ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹಸಿರಿನ ನಕ್ಷೆ. ಗಿಡ ಆರೋಗ್ಯವಾಗಿದ್ದರೆ ಎಲೆ ಕೆಂಪು ಬೆಳಕನ್ನು ಹೀರಿ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಬಾಡಿದರೆ ಈ ವ್ಯತ್ಯಾಸ ಇಳಿಯುತ್ತದೆ. ಉಪಗ್ರಹ ಅದನ್ನು ಅಳೆದು ಹಸಿರು ಸೂಚ್ಯಂಕ ಕೊಡುತ್ತದೆ. ಇದರಲ್ಲಿ ವಿವರ ಎಷ್ಟು ಸಣ್ಣದೆಂದರೆ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಒಂದು ಚೌಕ 100 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್! ಅಂದರೆ ನಿಮ್ಮ ಹತ್ತು ಗುಂಟೆ ಮೇವಿನ ತಾಕು ಆಕಾಶದಿಂದ ಹತ್ತು ಚುಕ್ಕೆಯಾಗಿ ಕಾಣುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು.

ಆದರೆ ಹಸಿರೆಲ್ಲ ಮೇವಲ್ಲ. ಬಳ್ಳಾರಿ ಜಾಲಿ ಹಸಿರೇ, ಲಂಟಾನ ಹಸಿರೇ, ನೀಲಗಿರಿ ತೋಪು ಹಸಿರೇ, ಪಾರ್ಥೇನಿಯಂ ಅಂತೂ ಮಳೆ ಇಲ್ಲದಿದ್ದರೂ ಹಸಿರು. ಗೋಮಾಳದ ತುಂಬ ಜಾಲಿ ನಿಂತಿರುವ ಊರು ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಸು ನಕ್ಷೆ ಮೇಯುವುದಿಲ್ಲ. ಅದು ಮೇವೋ ಮುಳ್ಳೋ ಎಂದು ಹೇಳಬಲ್ಲವರು ದಿನಾ ಕುಡುಗೋಲು ಹಿಡಿದು ಬದುವಿಗೆ ಹೋಗುವವರು, ಅಂದರೆ ನೀವು. ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ?

ಕೇಳುವ ಪದ್ಧತಿ ನಿಯಮದಲ್ಲಿ ಇಲ್ಲದೇ ಇಲ್ಲ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಪ್ರಕಾರ ಮೊದಲು ಮಳೆ ಕೊರತೆ ಮತ್ತು ಒಣ ಅವಧಿ ನೋಡುತ್ತಾರೆ. ಹಗುರ ಮಣ್ಣಿನಲ್ಲಿ ಸತತ ಮೂರು ವಾರ, ಎರೆಯಂಥ ಭಾರಿ ಮಣ್ಣಿನಲ್ಲಿ ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಒಣ ಅವಧಿ. ಆಮೇಲೆ ಬಿತ್ತನೆ ಪ್ರದೇಶ, ಹಸಿರು ಸೂಚ್ಯಂಕ, ಮಣ್ಣಿನ ತೇವ, ಕೆರೆ-ಅಂತರ್ಜಲ ನೋಡುತ್ತಾರೆ. ಕೊನೆಗೆ ಬಾಧಿತ ತಾಲ್ಲೂಕಿನ ಶೇ. 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ಪರಿಶೀಲನೆ. ಇದರಲ್ಲಿ ವಿಜ್ಞಾನದ ಕೊರತೆ ಇಲ್ಲ. ಆದರೆ ಹೋದವರು ನೋಡುವುದು ರಾಗಿ ಪೈರು, ಶೇಂಗಾ, ಮೆಕ್ಕೆಜೋಳ. ಬಣವೆ ಎಷ್ಟು ಎತ್ತರ ಉಳಿದಿದೆ ಎಂದು ಹಿತ್ತಲಿಗೆ ಬಂದು ನೋಡುವ ಕಾಲಂ ಆ ನಮೂನೆಯಲ್ಲಿ ಮುಖ್ಯವಲ್ಲ.

ಪರಿಹಾರದಲ್ಲೂ ಇದೇ ಕಣ್ಣು. ಬೆಳೆ ಪರಿಹಾರ ಫ್ರೂಟ್ಸ್ ದತ್ತಾಂಶ ನೋಡಿ, ಪಹಣಿ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ ಹೋಗುತ್ತದೆ. ಎಷ್ಟು ಮನೆಯಲ್ಲಿ ಪಹಣಿ ನಿಮ್ಮ ಹೆಸರಲ್ಲಿದೆ? ಹಾಲಿನ ಬಟವಾಡೆ ನಿಮ್ಮ ಖಾತೆಗೆ, ಬರದ ದುಡ್ಡು ಇನ್ನೊಬ್ಬರ ಖಾತೆಗೆ. ಇನ್ನು 2022ರಿಂದ 2026ರವರೆಗಿನ ವಿಪತ್ತು ಪರಿಹಾರ ದರಪಟ್ಟಿಯಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆ ಸತ್ತರೆ 37,500 ರೂಪಾಯಿ ಎಂದಿದೆ. ಸಾಯದೆ ಬತ್ತಿದರೆ? ಏನೂ ಇಲ್ಲ. ಹತ್ತು ಲೀಟರ್ ಕೊಡುತ್ತಿದ್ದ ಹಸು ನಾಲ್ಕು ಲೀಟರಿಗೆ ಇಳಿದು, ಬೆದೆ ತಪ್ಪಿ, ಗರ್ಭ ಕಟ್ಟಲು ಆರು ತಿಂಗಳು ತಡವಾದರೆ ಮುಂದಿನ ಕರುವೂ ಆರು ತಿಂಗಳು ತಡ. ಗರ್ಭಕ್ಕೆ 280 ದಿನ ಸೇರಿಸಿ ನೋಡಿ: 2023ರ ಆಗಸ್ಟ್‌ನ ಬರ ನಿಮ್ಮ ಕ್ಯಾನಿಗೆ 2024ರ ಕೊನೆಯವರೆಗೂ ಬಂದಿದೆ. ಅಷ್ಟರಲ್ಲಿ ಊರಲ್ಲಿ ಮಳೆ ಚೆನ್ನಾಗಿ ಬಂದು ಬರವನ್ನು ಎಲ್ಲರೂ ಮರೆತಿರುತ್ತಾರೆ.

ಎಚ್ಚರಿಕೆ ಮೊದಲೇ ಸಿಕ್ಕರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆಫ್ರಿಕಾದ ಕಥೆ ಹೇಳಬೇಕು. 1984-85ರ ಇಥಿಯೋಪಿಯಾ ಕ್ಷಾಮದ ನಂತರ ಅಮೆರಿಕ ಫ್ಯೂಸ್‌ನೆಟ್ ಎಂಬ ಕ್ಷಾಮ ಮುನ್ನೆಚ್ಚರಿಕೆ ಜಾಲ ಕಟ್ಟಿತು. ಉಪಗ್ರಹದ ಮಳೆ, ಹಸಿರು, ಸಂತೆಯ ದರ ಎಲ್ಲ ಸೇರಿಸಿ ಎಲ್ಲಿ ಊಟಕ್ಕೆ ಕಷ್ಟ ಬರಲಿದೆ ಎಂದು ಅದು ಹೇಳುತ್ತದೆ. ಸಂತೆಯಲ್ಲಿ ಒಂದು ಆಡು ಮಾರಿದರೆ ಎಷ್ಟು ಕಾಳು ಬರುತ್ತದೆ ಎಂಬುದನ್ನೂ ನೋಡುತ್ತಾರೆ. ನನಗೆ ತುಂಬ ಹಿಡಿಸಿದ ಲೆಕ್ಕ ಅದು. ಸೊಮಾಲಿಯಾದ ಬಗ್ಗೆ ಅವರು 2010ರ ಕೊನೆಯಲ್ಲೇ ಎಚ್ಚರಿಸಿದ್ದರು. ಕ್ಷಾಮ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ರಂದು. ಆ ಕ್ಷಾಮದಲ್ಲಿ ಸತ್ತವರು ಸುಮಾರು ಎರಡೂವರೆ ಲಕ್ಷ, ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಮಾಹಿತಿ ಇತ್ತು. ಮಾಹಿತಿ ಬಂದಾಗ ಯಾರು, ಯಾವ ದುಡ್ಡಿನಿಂದ, ಯಾವ ದಿನ ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿಲ್ಲ. (2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಆ ಜಾಲವೇ ಕೆಲವು ತಿಂಗಳು ಮುಚ್ಚಿತ್ತು. ಇನ್ನೊಬ್ಬರ ಕಣ್ಣನ್ನೇ ನಂಬಿ ಕೂತರೆ ಹೀಗೂ ಆಗುತ್ತದೆ.)

ಅದೇ ಆಫ್ರಿಕಾದಿಂದ ಒಳ್ಳೆಯ ಪಾಠವೂ ಇದೆ. ಕೀನ್ಯಾದ ಮಾರ್ಸಬಿಟ್ ಪ್ರದೇಶದಲ್ಲಿ 2010ರಲ್ಲಿ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಒಂದು ವಿಮೆ ತಂದಿತು. ಯಾರ ದನ ಸತ್ತಿತು ಎಂದು ಅಲ್ಲಿ ಯಾರೂ ನೋಡಲು ಹೋಗುವುದಿಲ್ಲ. ಉಪಗ್ರಹದ ಹಸಿರು ಸೂಚ್ಯಂಕ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಆ ಪ್ರದೇಶದ ವಿಮೆದಾರರೆಲ್ಲರಿಗೂ ದುಡ್ಡು. ಶುರುವಿನಲ್ಲಿ ಅದು ದನ ಸತ್ತ ನಷ್ಟ ತುಂಬಲು ಎಂದಿತ್ತು. ಕೆಲವು ವರ್ಷಗಳಲ್ಲಿ ಅವರಿಗೇ ಹೊಳೆಯಿತು, ಸತ್ತ ಮೇಲೆ ಕೊಡುವುದಕ್ಕಿಂತ ಸಾಯುವ ಮೊದಲು ಮೇವು-ನೀರಿಗೆ ಕೊಟ್ಟರೆ ಕಡಿಮೆ ದುಡ್ಡಿನಲ್ಲಿ ದನವೇ ಉಳಿಯುತ್ತದೆ ಎಂದು. ಹಾಗೆ ಬದಲಾಯಿಸಿದರು. ನಮ್ಮ ನೆರೆಯ ಕೇರಳದಲ್ಲೂ ಮಲಬಾರ್ ಹಾಲು ಒಕ್ಕೂಟ ಬೇಸಿಗೆಯ ಉಷ್ಣಾಂಶ ಮಿತಿ ಮೀರಿದರೆ ರೈತರಿಗೆ ತಾನಾಗಿ ಹಣ ಸಿಗುವ ವಿಮೆ ಪ್ರಯತ್ನಿಸಿದೆ. ಹಾಲು ಒಕ್ಕೂಟಗಳ ಕೈಯಲ್ಲಿ ಆಗದ ಕೆಲಸ ಇದಲ್ಲ.

ಈಗ ನನ್ನ ಮುಖ್ಯ ಮಾತು. ಉಪಗ್ರಹದ ಬಳಿ ಇಲ್ಲದ, ಮಳೆಮಾಪಕದ ಬಳಿಯೂ ಇಲ್ಲದ ಒಂದು ದಾಖಲೆ ನಮ್ಮ ಬಳಿ ಇದೆ. ಅದು ಸಂಘದ ಹಾಲಿನ ಪುಸ್ತಕ. ಬೆಳಿಗ್ಗೆ-ಸಂಜೆ, ಮನೆ ಮನೆಯ ಲೀಟರ್, ಜಿಡ್ಡು, ಎಸ್‌ಎನ್‌ಎಫ್. ವರ್ಷಕ್ಕೆ 730 ಸಲ ಬರೆದದ್ದು. ಯಾವ ಇಲಾಖೆಯ ಬಳಿ ಹಳ್ಳಿಯ ಆರೋಗ್ಯದ ಬಗ್ಗೆ ಇಂಥ ದಾಖಲೆ ಇದೆ ಹೇಳಿ? ಹಸಿರು ಮೇವು ತಪ್ಪಿದ ಕೆಲವೇ ದಿನಗಳಲ್ಲಿ ಸೀಮೆ ಹಸುವಿನ ಹಾಲು ಇಳಿಯುತ್ತದೆ. ಶಕ್ತಿ ಸಾಲದ ಹಸುವಿನಲ್ಲಿ ಎಸ್‌ಎನ್‌ಎಫ್ ಕೂಡ ಇಳಿಯುತ್ತದೆ. ಹೆಚ್ಚು ಮನೆಗಳಲ್ಲಿ ಒಂದೇ ಹೊತ್ತಿಗೆ ಎರಡೂ ಇಳಿದರೆ ಅದು ಬರದ ಸಹಿ.

ಆದರೆ ಆ ಇಳಿಕೆಯನ್ನು ನಾವು ಇಂದು ಹೇಗೆ ಓದುತ್ತಿದ್ದೇವೆ? ಎಸ್‌ಎನ್‌ಎಫ್ 8.5ಕ್ಕಿಂತ ಕೆಳಗೆ ಬಂದರೆ ದರ ಕಡಿತ, ಜೊತೆಗೆ ‘ನೀರು ಹಾಕಿದ್ದೀಯಮ್ಮ’ ಎಂಬ ನೋಟ. ಸಾಲಿನಲ್ಲಿ ನಿಂತ ಹತ್ತು ಜನರ ಮುಂದೆ ಆ ನೋಟ ಎದುರಿಸಿದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರೋ. ನೀರು ಹಾಕುವವರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಇಡೀ ಊರಿನ ಸರಾಸರಿ ಒಂದೇ ವಾರದಲ್ಲಿ ಇಳಿದರೆ ಊರೆಲ್ಲ ಒಟ್ಟಾಗಿ ನೀರು ಹಾಕಲು ಕೂತಿರಲಿಲ್ಲ. ಹಸುವಿನ ಹೊಟ್ಟೆ ಬರಿದಾಗಿದೆ ಎಂದು ಅರ್ಥ. ಅಂಥ ವಾರ ಹೆಂಗಸರನ್ನು ಅನುಮಾನಿಸುವ ಬದಲು ಪಂಚಾಯಿತಿಯ ಮಳೆ ಲೆಕ್ಕ ತೆಗೆದು ನೋಡಬೇಕು.

ಹಾಲಿನ ಪುಸ್ತಕವೂ ಒಂಟಿಯಾಗಿ ಮೋಸ ಮಾಡಬಹುದು, ಒಪ್ಪುತ್ತೇನೆ. ಖಾಸಗಿ ಡೇರಿಯವರು ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಲೀಟರ್ ಇಳಿಯುತ್ತದೆ. ಕರು ಹಾಕುವ ಕಾಲ ಬದಲಾದರೆ ಇಳಿಯುತ್ತದೆ. ಕಾಲುಬಾಯಿ ಜ್ವರ ಬಂದರೂ ಇಳಿಯುತ್ತದೆ. ಆದ್ದರಿಂದಲೇ ಮಳೆಮಾಪಕ, ಉಪಗ್ರಹದ ಹಸಿರು, ಸಂಘದ ಹಾಲು ಮೂರನ್ನೂ ಪಕ್ಕಪಕ್ಕ ಇಡಬೇಕು ಎನ್ನುವುದು. ಮೂರು ವಾರ ಅರ್ಧಕ್ಕಿಂತ ಕಡಿಮೆ ಮಳೆ, ಅದೇ ಹೋಬಳಿಯಲ್ಲಿ ಹಸಿರಿನ ಇಳಿಕೆ, ಅದೇ ಸಂಘಗಳಲ್ಲಿ ಹಾಲಿನ ಇಳಿಕೆ. ಮೂರೂ ಕೂಡಿದ ವಾರ ಸರ್ಕಾರದ ಘೋಷಣೆಗೆ ಕಾಯದೆ ಒಕ್ಕೂಟ ತಾನೇ ಮೇವಿನ ಕೆಲಸ ಶುರುಮಾಡಲಿ. ರಸಮೇವು ಮತ್ತು ಒಣಮೇವನ್ನು ಖರೀದಿ ದರದಲ್ಲಿ ಸಂಘದ ಬಾಗಿಲಿಗೆ ತರುವುದು, ದುಡ್ಡನ್ನು ಬಟವಾಡೆಯಲ್ಲಿ ಕಂತಿನಲ್ಲಿ ಹಿಡಿದುಕೊಳ್ಳುವುದು, ಕೊಳವೆ ಬಾವಿ ಇರುವ ಸದಸ್ಯರಿಗೆ ಮೇವಿನ ಬೀಜ ಕೊಟ್ಟು ಬೆಳೆದದ್ದನ್ನು ಕೊಳ್ಳುವುದಾಗಿ ಮೊದಲೇ ಮಾತು ಕೊಡುವುದು. ದಿನದ ಬೆಲೆ ನೋಡಿ: ಮೇವಿನ ಮೆಕ್ಕೆಜೋಳ ಕೊಯ್ಲಿಗೆ ಬರಲು 60–70 ದಿನ. ಆಗಸ್ಟ್ ಮೂರನೇ ವಾರ ಬಿತ್ತಿದರೆ ಅಕ್ಟೋಬರ್ ಕೊನೆಗೆ ಮೇವು ಕೈಯಲ್ಲಿ. ಅಕ್ಟೋಬರ್ ಕೊನೆಗೆ ಬರ ಎಂದು ಕಾಗದ ಬಂದು ಆಮೇಲೆ ಬಿತ್ತಿದರೆ ಸಂಕ್ರಾಂತಿ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಇರುತ್ತದೆಯೇ?

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಮಳೆ ಚೆನ್ನಾಗಿರುವ ವರ್ಷ ಲೀಟರಿಗೆ ಕೆಲವು ಪೈಸೆ ಎತ್ತಿಟ್ಟು ಮೇವಿನ ನಿಧಿ ಮಾಡುವುದು ನನಗೆ ಕಾಣುವ ದಾರಿ. ಎಷ್ಟು ಪೈಸೆ ಎಂದು ಹೇಳಬೇಕಾದವರು ಹಣಕಾಸಿನವರು. ಹಾಲು ಸುರಿಯುವ ನೀವು ಒಪ್ಪದೆ ಅದನ್ನು ಹಿಡಿಯಲೂ ಬಾರದು.

ಮಳೆ ಲೆಕ್ಕದಿಂದ ನನ್ನ ವೃತ್ತಿಗೆ ಸಿಗುವ ಇನ್ನೊಂದು ಉಪಕಾರವನ್ನೂ ಹೇಳಿಬಿಡುತ್ತೇನೆ. ಬಹಳ ದಿನ ಬಾಡಿ ನಿಂತ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಒಂದು ಸಣ್ಣ ಮಳೆಗೆ ಚಿಗುರಿದ ಕುಳೆ ಜೋಳದಲ್ಲಿ ಸಯನೈಡ್ ವಿಷ ತುಂಬಿರುತ್ತದೆ. ಹಸಿದ ಹಸು ಅದಕ್ಕೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬರ ಎಂದುಕೊಳ್ಳುವಷ್ಟರಲ್ಲಿ ಉಸಿರು ನಿಲ್ಲುತ್ತದೆ. ಬೇಗ ಸಿಕ್ಕರೆ ಮದ್ದಿದೆ, ಆದರೆ ನಾನು ಬರುವ ದಾರಿಯೇ ಅರ್ಧ ಗಂಟೆ. ಮೂರು ವಾರದ ಒಣಹವೆ, ನಂತರ ಹತ್ತು ಮಿ.ಮೀ. ಮಳೆ ಎಂದು ಮಾಪಕ ತೋರಿಸಿದ ಸಂಜೆಯೇ ಆ ಪಂಚಾಯಿತಿಯ ಸಂಘಗಳ ಮೊಬೈಲಿಗೆ ‘ಎಳೆ ಜೋಳ ಮೇಯಿಸಬೇಡಿ’ ಎಂದು ಕಳುಹಿಸಲು ಕಷ್ಟವೇನಿದೆ? ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಹವಾಮಾನ ಮತ್ತು ಉಪಗ್ರಹದ ದತ್ತಾಂಶ ಬಳಸಿ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರಬಹುದು ಎಂದು ಎರಡು ತಿಂಗಳ ಮೊದಲೇ ತಿಳಿಸುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆಗೆ ಸಂಘದಲ್ಲಿ ಮೈಕು ಕೂಗುವಾಗ ‘ಆಮೇಲೆ ನೋಡೋಣ’ ಎನ್ನಬೇಡಿ; ಆ ದಿನಾಂಕ ಸುಮ್ಮನೆ ಇಟ್ಟದ್ದಲ್ಲ.

ಸೆಪ್ಟೆಂಬರ್ ಒಳಗೆ ಸಂಘಗಳ ಸರ್ವಸದಸ್ಯರ ಸಭೆ ಇರುತ್ತದೆ. ಬೋನಸ್ ಎಷ್ಟು, ದರ ವ್ಯತ್ಯಾಸ ಎಷ್ಟು ಎಂದು ಕೇಳಿಯೇ ಕೇಳುತ್ತೀರಿ. ಅದರ ಜೊತೆ ಎರಡು ವಿಷಯ ಎತ್ತಿ. ನಮ್ಮ ಪಂಚಾಯಿತಿಯ ವಾರದ ಮಳೆ, ವಾಡಿಕೆ ಎಷ್ಟು ಬಂದದ್ದೆಷ್ಟು, ಹಾಲಿನ ದರಪಟ್ಟಿಯ ಪಕ್ಕದಲ್ಲೇ ಹಲಗೆಗೆ ಬರೆಯಬೇಕು. ರಾಜ್ಯ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಕಾರ್ಯದರ್ಶಿ ಒಂದು ಕರೆ ಮಾಡಿದರೆ ಮಳೆಯ ಮಾಹಿತಿ ಸಿಗುತ್ತದೆ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಸಲಹೆ ಕನ್ನಡದಲ್ಲೇ ಬರುತ್ತದೆ. ಎರಡನೆಯದು, ಒಣ ಅವಧಿಯಲ್ಲಿ ಇಡೀ ಸಂಘದ ಎಸ್‌ಎನ್‌ಎಫ್ ಇಳಿದರೆ ದರ ಕಡಿತಕ್ಕೆ ಮೊದಲು ಪಶುವೈದ್ಯರು ಬಂದು ನೋಡಬೇಕು ಎಂದು ಠರಾವು ಬರೆಸಿ. ನನಗೆ ಕೆಲಸ ಹೆಚ್ಚುತ್ತದೆ, ಹೆಚ್ಚಲಿ.

ಬರುವ ತಿಂಗಳು ನಾನು ಸಂಘಗಳಿಗೆ ಬಂದಾಗ ಒಂದು ಹಾಳೆ ತರುತ್ತೇನೆ. ಮನೆಯಲ್ಲಿ ಎಷ್ಟು ಹಸು, ಬಣವೆ ಎಷ್ಟು ವಾರಕ್ಕೆ ಬರುತ್ತದೆ, ಗೋಮಾಳದಲ್ಲಿ ಕಾಣುವ ಹಸಿರು ಮೇವೋ ಜಾಲಿಯೋ, ಇಷ್ಟೇ ಪ್ರಶ್ನೆ. ಹೆಸರು ಬೇಡ, ಸರ್ವೆ ನಂಬರ್ ಬೇಡ. ಅಳತೆಗೆ ಟೇಪೂ ಬೇಡ. ಬಣವೆ ಎಷ್ಟು ವಾರ ಬರುತ್ತದೆಂದು ನಿಂತಲ್ಲೇ ನೋಡಿ ಹೇಳುವವರು ಪ್ರತಿ ಊರಲ್ಲೂ ಇದ್ದೀರಿ.